ಕಾಖಂಡಕಿಯಿಂದ ಖಡಕವಾಸಲೆಗೆ

(ಸೇನಾಧಿಕಾರಿಯಾಗಬೇಕೆನ್ನುವ ಹಾಯಸ್ಕೂಲು ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ)

ಕಾರಹುಣ್ಣಿವೆ ಕಳೆದ ಮೇಲೆ ವಿಜಯಪುರ ಸೀಮೆಯ ಕಾಖಂಡಕಿಯಲ್ಲಿ ನಡೆಯುವ ಕರಿಯನ್ನು ನೋಡಲು ಸುತ್ತಣ ಹಳ್ಳಿಗಳ ಜನವೆಲ್ಲ ನೆರೆಯುವದು. ಮಾಳಿಗೆಗಳ ಮೇಲೆ ಜನ, ಕಟ್ಟೆಗಳ ಮೇಲೆ ಜನ, ಗಿಡದ ಟೊಂಗೆಗಳ ಮೇಲೂ ಜನ. ಬಣ್ಣ ಬಳಿದು ಸಿಂಗರಿಸಿದ ಹೋರಿಗಳನ್ನು ಓಡಬಿಟ್ಟರೆ ಊರ ತರುಣರು ಅವುಗಳ ಮೇಲೆ ಬಿದ್ದು ಹಿಡಿಯಲು ಹವಣಿಸುವರು. ಗಾಯಗೊಳ್ಳುವವರೂ ಉಂಟು. ಆದರೂ ಮರುವರುಷ ಅದೇ ತರುಣರು ಅದೇ ಉತ್ಸಾಹದಿಂದ ನಿಂತಿರುವರು. ಇಂಥ ನೆಲದಲ್ಲಿ ಧೈರ್ಯಕ್ಕೆ ಬರಗಾಲವಿದೆಯೆಂದು ಯಾರೂ ಹೇಳಲಾರರು. ಮಳೆಗೆ ಬರವಿರಬಹುದು, ಎದೆಗಾರಿಕೆಗೆ ಇಲ್ಲ.

ಈಚೆಗೆ ಆ ಕಡೆಯ ಒಕ್ಕಲುತನದ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಹುಡುಗ ಒಂಬತ್ತನೆಯ ಇಯತ್ತೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವನು. ನೆಟ್ಟಗೆ ಬೆಳೆದ ಮೈ, ಚುರುಕಾದ ಕಣ್ಣು. ತಂದೆಯು ಕುಳಿತವರೇ ವಿಷಯಕ್ಕೆ ಕೈಹಾಕಿದರು: “ಮಾಸ್ತರ್ರ, ಇಂವಾ ಮಿಲಿಟರಿ ಸೇರತೀನಂತ ಹಟಾ ಹಿಡದಾನ್ರಿ. ಅದೂ ಸಾದಾ ಸಿಪಾಯಿ ಅಲ್ಲಂತ, ಸಾಹೇಬ ಆಗತಾನಂತ. ಪಟ್ಟಣದಾಗ ಒಂದು ಕ್ಲಾಸಿನವರು ರೊಕ್ಕಾ ತುಂಬ್ರಿ, ನಾವು ಮಾಡಸ್ತೀವಿ ಅಂದ್ರು. ತುಂಬೇನಿ. ಈಗ ನೋಡಿದ್ರ ಅವರ ಬಾಗಲಾ ಮುಚ್ಚೇದ. ಮುಂದೇನ್ರಿ?”

ಹುಡುಗನು ತಲೆ ತಗ್ಗಿಸಿ ನಿಂತಿದ್ದನು. ಹಣ ಹೋದುದು ತನ್ನ ಹಟದಿಂದಲೇ ಎಂಬ ಅಪರಾಧಭಾವವು ಅವನ ಮುಖದಲ್ಲಿ ಕಾಣುತ್ತಿತ್ತು. ಅವನ ತಂದೆಗೆ ಆ ಸಂಜೆ ಹೇಳಿದುದನ್ನೇ ನಾನು ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿರುವೆನು. ಇಂಥ ಪ್ರಶ್ನೆಯನ್ನು ಕೇಳುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ ಇವೆ, ಸರಿಯಾದ ಉತ್ತರವನ್ನು ಹೇಳುವವರು ಮಾತ್ರ ಕಡಿಮೆ.

ಸಿಪಾಯಿ ಮತ್ತು ಸರದಾರ

ಮೊದಲು ತಿಳಿಯತಕ್ಕದ್ದೆಂದರೆ, ಸೈನಿಕನಾಗುವ ದಾರಿ ಬೇರೆ, ಅಧಿಕಾರಿಯಾಗುವ ದಾರಿ ಬೇರೆ. ೨೦೨೨ರಿಂದೀಚೆಗೆ ಸೈನಿಕ ಭರತಿಯು ಅಗ್ನಿವೀರ ಎಂಬ ಹೆಸರಿನಿಂದ ನಾಲ್ಕು ವರ್ಷಗಳ ಅವಧಿಗೆ ನಡೆಯುತ್ತಿರುವದು. ಅದರಲ್ಲಿ ಓಟಕ್ಕೂ ಮೈಕಟ್ಟಿಗೂ ಮಹತ್ವ ಹೆಚ್ಚು. ಅಧಿಕಾರಿಯ ಆಯ್ಕೆಯಲ್ಲಿ ಮೈಕಟ್ಟು ಬೇಕೇ ಬೇಕು, ಆದರೆ ಅದೊಂದೇ ಸಾಲದು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ತರುಣನ ಕೈಯಲ್ಲಿ ಮೂವತ್ತು ಜನರ ತುಕಡಿಯನ್ನು ಒಪ್ಪಿಸುವರು. ಅವರಲ್ಲಿ ಎಷ್ಟೋ ಜನ ಅವನಿಗಿಂತ ಹಿರಿಯರು, ಹೆಂಡಿರು ಮಕ್ಕಳುಳ್ಳವರು. ಅವರನ್ನು ಹಿಮದಲ್ಲಿಯೂ ಕಾಡಿನಲ್ಲಿಯೂ ನಡೆಸಿಕೊಂಡು ಹೋಗಿ, ಕೆಲಸವನ್ನು ಮುಗಿಸಿ, ಅವರನ್ನು ಬದುಕಿಸಿ ತರುವ ಹೊಣೆ ಅವನದು. ಹೋರಿಯನ್ನು ಹಿಡಿಯುವ ಧೈರ್ಯವು ತನ್ನ ಮೈಯ ಮಟ್ಟಿನದು. ಅಧಿಕಾರಿಯ ಧೈರ್ಯವು ಪರರ ಪ್ರಾಣವನ್ನು ಲೆಕ್ಕಕ್ಕೆ ಹಿಡಿದು ವಿಚಾರಮಾಡುವ ಧೈರ್ಯ. ಆಯ್ಕೆಯ ಪರೀಕ್ಷೆಗಳೆಲ್ಲ ಈ ಎರಡನೆಯ ಧೈರ್ಯವನ್ನೇ ಹುಡುಕುವವು. ಇದನ್ನು ಮರೆತು ಮಾಡಿದ ಸಿದ್ಧತೆಯು ಗುರಿಯಿಲ್ಲದ ಬಾಣದಂತೆ ವ್ಯರ್ಥವಾಗುವದು.

ನಮ್ಮವರಿಗೆ ಈ ದಾರಿ ತೆರೆದುದು ಸುಲಭವಾಗಿ ಅಲ್ಲ. ಪರಾಡಳಿತದ ಕಾಲದಲ್ಲಿ ಹಿಂದೀ ತರುಣನಿಗೆ ಅಧಿಕಾರಿಯ ಪದವಿಯು ಬಹುಕಾಲ ದೊರೆಯುತ್ತಿರಲಿಲ್ಲ. ಮೊದಲ ಮಹಾಯುದ್ಧದ ತರುವಾಯ, ೧೯೧೯ರಲ್ಲಿ, ಇಂದೂರಿನಲ್ಲಿ ತರಬೇತಿ ಹೊಂದಿ ಹೊರಬಿದ್ದ ಕೆಲವೇ ತರುಣರಲ್ಲಿ ಕೊಡಗಿನ ಕಾರ್ಯಪ್ಪನವರೊಬ್ಬರು. ೧೯೪೯ರ ಜನವರಿ ೧೫ರಂದು ಅವರು ಭಾರತದ ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ೧೯೨೨ರಲ್ಲಿ ಡೆಹರಾಡೂನದಲ್ಲಿ ಬಾಲಕರಿಗಾಗಿ ಸೈನಿಕ ಕಾಲೇಜು ತೆರೆಯಿತು. ಕೊಡಗಿನವರೇ ಆದ ತಿಮ್ಮಯ್ಯನವರು ಅಲ್ಲಿ ಓದಿದವರು. ೧೯೩೨ರಲ್ಲಿ ಅದೇ ಊರಲ್ಲಿ ಅಧಿಕಾರಿಗಳ ಅಕಾಡೆಮಿಯೂ ಸ್ಥಾಪಿತವಾಯಿತು. ಕೊಡಗಿಗೆ ಬಂದ ಈ ಕೀರ್ತಿಯು ನಮ್ಮ ಬಯಲುನಾಡಿಗೇಕೆ ಬರಲಾಗದು? ನೆಲದಲ್ಲಿ ಕೊರತೆಯಿಲ್ಲ. ಕೊರತೆಯಿರುವದು ತಿಳಿವಳಿಕೆಯಲ್ಲಿ.

ಬಾಗಿಲುಗಳು ಎಷ್ಟು?

ಅನೇಕ ತಾಯಿತಂದೆಗಳು ಇದಕ್ಕೆ ಒಂದೇ ಬಾಗಿಲಿದೆಯೆಂದು ಭಾವಿಸಿ, ಅದು ತಪ್ಪಿದ ಕೂಡಲೇ ಕೈಚೆಲ್ಲಿ ಕೂಡ್ರುವರು. ನಿಜವಾಗಿ ವಯಸ್ಸಿಗೆ ತಕ್ಕಂತೆ ಮೂರು ನಾಲ್ಕು ಬಾಗಿಲುಗಳಿವೆ.

ಮೊದಲನೆಯ ಬಾಗಿಲು ಬಾಲ್ಯದ್ದು. ನಮ್ಮ ವಿಜಯಪುರದಲ್ಲಿಯೇ ೧೯೬೩ರ ಸಪ್ಟೆಂಬರ ೧೬ರಂದು ಸೈನಿಕ ಶಾಲೆ ಆರಂಭವಾಯಿತು. ಸಾಮಾನ್ಯ ಮನೆಗಳ ಮಕ್ಕಳೂ ಅಧಿಕಾರಿಗಳಾಗಲೆಂದು ೧೯೬೧ರಲ್ಲಿ ದೇಶದಲ್ಲಿ ಇಂಥ ಶಾಲೆಗಳನ್ನು ತೆರೆಯತೊಡಗಿದ್ದರು. ನಮ್ಮದು ಆ ಮೊದಲ ಸಾಲಿನ ಶಾಲೆಗಳಲ್ಲೊಂದು. ಎಷ್ಟೋ ಸಲ ನಮ್ಮ ಜನರು ಗೋಲಗುಮ್ಮಟವನ್ನು ನೋಡಲು ಪಟ್ಟಣಕ್ಕೆ ಹೋಗಿ, ಈ ಶಾಲೆಯ ಮುಂದೆಯೇ ಹಾಯ್ದು, ಅದು ತಮ್ಮ ಮಗನಿಗಾಗಿಯೂ ಇದೆಯೆಂಬದನ್ನು ಅರಿಯದೆ ತಿರುಗಿ ಬರುವರು. ಕೊಡಗಿನಲ್ಲಿ ೨೦೦೭ರಲ್ಲಿ ಇನ್ನೊಂದು ಸೈನಿಕ ಶಾಲೆ ಆರಂಭವಾಗಿದೆ.

ಈ ಶಾಲೆಗಳಿಗೆ ಆರನೆಯ ಮತ್ತು ಒಂಬತ್ತನೆಯ ಇಯತ್ತೆಗಳಲ್ಲಿ ಪ್ರವೇಶವುಂಟು. ಪ್ರವೇಶದ ವರ್ಷದ ಮಾರ್ಚ ೩೧ಕ್ಕೆ ಆರನೆಯದಕ್ಕಾದರೆ ೧೦ರಿಂದ ೧೨, ಒಂಬತ್ತನೆಯದಕ್ಕಾದರೆ ೧೩ರಿಂದ ೧೫ ವಯಸ್ಸಿನೊಳಗಿರಬೇಕು. ಆರನೆಯದರ ಪರೀಕ್ಷೆಯು ೩೦೦ ಅಂಕಗಳದು. ಅದರಲ್ಲಿ ಗಣಿತಕ್ಕೇ ೧೫೦. ಭಾಷೆ, ಬುದ್ಧಿಶಕ್ತಿ, ಸಾಮಾನ್ಯಜ್ಞಾನ ಇವುಗಳಿಗೆ ತಲಾ ೫೦. ಇದನ್ನು ಕನ್ನಡದಲ್ಲಿಯೂ ಬರೆಯಬಹುದೆಂಬದು ನಮ್ಮ ಹಳ್ಳಿಯ ಮಕ್ಕಳಿಗೆ ದೊಡ್ಡ ಅನುಕೂಲ. ಒಂಬತ್ತನೆಯದರ ೪೦೦ ಅಂಕಗಳ ಪರೀಕ್ಷೆಯಾದರೋ ಇಂಗ್ಲಿಷಿನಲ್ಲಿ ಮಾತ್ರ ಇರುವದು. ಅಲ್ಲಿಯೂ ಗಣಿತದ ಪಾಲೇ ಅರ್ಧ. ಆದ್ದರಿಂದ ಕನ್ನಡ ಸಾಲೆಯ ಮಗುವಿಗೆ ಆರನೆಯ ಇಯತ್ತೆಯೇ ಸುಲಭವಾದ ಬಾಗಿಲು. ಅದಕ್ಕಾಗಿ ನಾಲ್ಕನೆಯ ಇಯತ್ತೆಯಿಂದಲೇ ಲೆಕ್ಕವನ್ನು ಗಟ್ಟಿಮಾಡತಕ್ಕದ್ದು. ಈ ಶಾಲೆಗಳ ಶುಲ್ಕವು ಸಣ್ಣದಲ್ಲ, ಆದರೆ ಮನೆಯ ಆದಾಯವನ್ನು ನೋಡಿ ಕೊಡುವ ವಿದ್ಯಾರ್ಥಿವೇತನಗಳಿವೆ. ಶುಲ್ಕಕ್ಕೆ ಅಂಜಿ ಅರ್ಜಿಯನ್ನೇ ಹಾಕದಿರುವದು ತಪ್ಪು.

ಬೆಳಗಾವಿ ಮತ್ತು ಬೆಂಗಳೂರುಗಳಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳೆಂಬ ಬೇರೆ ಶಾಲೆಗಳಿವೆ. ಬೆಳಗಾವಿಯದು ೧೯೪೫ರಲ್ಲಿಯೂ ಬೆಂಗಳೂರಿನದು ೧೯೪೬ರಲ್ಲಿಯೂ ಹುಟ್ಟಿದವು. ಡೆಹರಾಡೂನದ ಬಾಲಕರ ಸೈನಿಕ ಕಾಲೇಜಿಗೆ ಎಂಟನೆಯ ಇಯತ್ತೆಯಲ್ಲಿ ಪ್ರವೇಶ; ಪರೀಕ್ಷೆಯು ವರ್ಷಕ್ಕೆ ಎರಡು ಸಲ ನಡೆಯುವದು.

ಎರಡನೆಯ ಬಾಗಿಲು ಎಲ್ಲಕ್ಕಿಂತ ದೊಡ್ಡದು. ಅದೇ ಪುಣೆಯ ಹತ್ತಿರದ ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌.ಡಿ.ಎ. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರಕ್ಕೂ ಸೇರುವ ತರುಣರು ಅಲ್ಲಿ ಮೂರು ವರ್ಷ ಒಂದೇ ಸೂರಿನಡಿ ಕಲಿಯುವರು. ಆಮೇಲೆ ತಮ್ಮ ತಮ್ಮ ಸೇನೆಯ ಅಕಾಡೆಮಿಗೆ ಹೋಗುವರು. ೧೬½ರಿಂದ ೧೯½ ವಯಸ್ಸಿನ ಅವಿವಾಹಿತರು, ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವಾಗಲೇ ಪರೀಕ್ಷೆಗೆ ಕೂಡ್ರಬಹುದು. ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಸಲ ನಡೆಸುವದು. ಇಷ್ಟೇ ಸಲವೆಂಬ ಮಿತಿಯಿಲ್ಲ. ವಯಸ್ಸು ಮೀರುವ ವರೆಗೆ ಬರೆಯಬಹುದು. ಸೈನಿಕ ಶಾಲೆಯಲ್ಲಿ ಓದಿದವನೇ ಆಗಬೇಕೆಂಬ ನಿರ್ಬಂಧವೂ ಇಲ್ಲ. ಕಾಖಂಡಕಿಯ ಹಾಯಸ್ಕೂಲಿನ ಹುಡುಗನಿಗೂ ದಿಲ್ಲಿಯ ಸಿರಿವಂತರ ಮಗನಿಗೂ ಪ್ರಶ್ನಪತ್ರಿಕೆ ಒಂದೇ. ಅಕಾಡೆಮಿಯಲ್ಲಿ ಊಟ, ವಸತಿ, ಪುಸ್ತಕ, ಸಮವಸ್ತ್ರ, ಔಷಧೋಪಚಾರ ಇವೆಲ್ಲವುಗಳ ವೆಚ್ಚವನ್ನು ಸರಕಾರವೇ ಹೊರುವದು. ಮನೆಯವರು ಕೊಡಬೇಕಾದದ್ದು ಕೈಖರ್ಚು ಮಾತ್ರ.

ಮೂರನೆಯ ಬಾಗಿಲು ಪದವೀಧರರದು. ಸಿ.ಡಿ.ಎಸ್‌. ಎಂಬ ಪರೀಕ್ಷೆಯಿಂದ ಡೆಹರಾಡೂನಕ್ಕೋ ಚೆನ್ನೈಯ ಅಧಿಕಾರಿ ತರಬೇತಿ ಅಕಾಡೆಮಿಗೋ ಹೋಗಬಹುದು. ವಾಯುಸೇನೆಗೆ ಎ.ಎಫ್‌.ಕ್ಯಾಟ್‌ ಎಂಬ ಬೇರೆ ಪರೀಕ್ಷೆಯಿದೆ. ಎನ್‌.ಸಿ.ಸಿ.ಯ ‘ಸಿ’ ಪ್ರಮಾಣಪತ್ರವುಳ್ಳ ಪದವೀಧರನು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಸಂದರ್ಶನಕ್ಕೆ ಹೋಗುವ ದಾರಿಯೂ ಉಂಟು. ನಾಲ್ಕನೆಯದು, ಸೈನಿಕನಾಗಿ ಸೇರಿದವನು ಸೇವೆಯಲ್ಲಿದ್ದೇ ಆರ್ಮಿ ಕ್ಯಾಡೆಟ್‌ ಕಾಲೇಜಿನ ಮೂಲಕ ಅಧಿಕಾರಿಯಾಗುವ ದಾರಿ. ಸಿಪಾಯಿಯಾಗಿ ಹೋದವನು ಸಿಪಾಯಿಯಾಗಿಯೇ ಉಳಿಯಬೇಕೆಂಬ ವಿಧಿಯಿಲ್ಲ.

ಹೆಣ್ಣುಮಕ್ಕಳ ತಾಯಿತಂದೆಗಳೂ ಈ ಪುಟವನ್ನು ಮಗುಚಬಾರದು. ೨೦೨೧ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿದ ತರುವಾಯ ಖಡಕವಾಸಲೆಯ ಪರೀಕ್ಷೆಯು ಕನ್ಯೆಯರಿಗೂ ತೆರೆಯಿತು. ೨೦೨೨ರಲ್ಲಿ ಮೊದಲ ತಂಡವು ಅಲ್ಲಿ ಕಾಲಿಟ್ಟಿತು. ೨೦೨೫ರ ಮೇ ತಿಂಗಳ ಕೊನೆಗೆ ಅವರಲ್ಲಿ ೧೭ ಜನ ತರಬೇತಿಯನ್ನು ಮುಗಿಸಿ ಹೊರಬಂದರು. ಸೈನಿಕ ಶಾಲೆಗಳಲ್ಲಿಯೂ ಈಗ ಬಾಲಿಕೆಯರಿಗೆ ಪ್ರವೇಶವಿದೆ. ಚೆನ್ನಮ್ಮನ ನಾಡಿನಲ್ಲಿ ಇದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಓದಿನ ಸಿದ್ಧತೆ

ಈಗ ಆ ಒಂಬತ್ತನೆಯ ಇಯತ್ತೆಯ ಹುಡುಗನ ವಿಷಯಕ್ಕೆ ಬರೋಣ. ಅವನಿಗೆ ಬಾಲ್ಯದ ಬಾಗಿಲು ಮುಚ್ಚಿದೆ. ಖಡಕವಾಸಲೆಯ ಬಾಗಿಲು ತೆರೆಯಲು ಇನ್ನೂ ಮೂರು ವರ್ಷಗಳಿವೆ. ಇದು ಕಡಿಮೆ ಕಾಲವಲ್ಲ. ಸರಿಯಾಗಿ ಬಳಸಿದರೆ ಬೇಕಾದಷ್ಟಾಯಿತು.

ಲಿಖಿತ ಪರೀಕ್ಷೆಯ ಸ್ವರೂಪವು ಹೀಗಿದೆ: ಗಣಿತದ ಪತ್ರಿಕೆ ೩೦೦ ಅಂಕಗಳದು, ಪ್ರಶ್ನೆಗಳು ೧೨೦. ಸಾಮಾನ್ಯ ಸಾಮರ್ಥ್ಯದ ಪತ್ರಿಕೆ ೬೦೦ ಅಂಕಗಳದು, ಪ್ರಶ್ನೆಗಳು ೧೫೦. ಅದರಲ್ಲಿ ಇಂಗ್ಲಿಷಿಗೆ ೨೦೦, ಉಳಿದ ೪೦೦ ಅಂಕಗಳು ವಿಜ್ಞಾನ, ಇತಿಹಾಸ, ಭೂಗೋಲ, ಪ್ರಚಲಿತ ಸಂಗತಿಗಳಿಗೆ. ಪ್ರತಿಯೊಂದು ಪತ್ರಿಕೆಗೆ ಎರಡೂವರೆ ತಾಸು. ಉತ್ತರವು ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಪಾಲನ್ನು ಕಳೆಯುವರು. ಅಂದರೆ ಮೂರು ತಪ್ಪು ಉತ್ತರಗಳು ಒಂದು ಸರಿಯುತ್ತರವನ್ನು ನುಂಗುವವು. ಗೊತ್ತಿಲ್ಲದ್ದನ್ನು ಬಿಡುವದೂ ಒಂದು ವಿದ್ಯೆ. ಅದನ್ನು ಮನೆಯಲ್ಲಿಯೇ ಗಡಿಯಾರ ಇಟ್ಟುಕೊಂಡು ಹಿಂದಿನ ವರ್ಷಗಳ ಪತ್ರಿಕೆಗಳ ಮೇಲೆ ಅಭ್ಯಾಸ ಮಾಡಬೇಕು. ಈ ಪತ್ರಿಕೆಗಳು ಆಯೋಗದಿಂದಲೇ ಬಿಟ್ಟಿಯಾಗಿ ದೊರೆಯುವವು. ಇವುಗಳಿಗೆ ಹಣ ತೆರುವ ಕಾರಣವಿಲ್ಲ.

ಗಣಿತವೇ ಮೊದಲ ಕೋಟೆ. ಪರೀಕ್ಷೆಯ ಗಣಿತವು ಪಿ.ಯು.ಸಿ.ಯ ಮಟ್ಟದ್ದು. ಬೀಜಗಣಿತ, ತ್ರಿಕೋನಮಿತಿ, ಕಲನಶಾಸ್ತ್ರ, ಸಂಭಾವ್ಯತೆ ಮುಂತಾದವು ಅದರಲ್ಲಿರುವವು. ಭೂಸೇನೆಗೆ ಯಾವ ವಿಷಯದಲ್ಲಿ ಪಿ.ಯು.ಸಿ. ಮಾಡಿದರೂ ಆದೀತೆಂದು ನಿಯಮವಿದೆ. ವಾಯು ಮತ್ತು ನೌಕಾಸೇನೆಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಆದರೂ ಕಲಾ ವಿಭಾಗವನ್ನು ಹಿಡಿದು ಈ ಗಣಿತದ ಪತ್ರಿಕೆಯನ್ನು ಎದುರಿಸುವದು ಕಠಿನ. ಆದ್ದರಿಂದ ಗಣಿತವಿರುವ ವಿಜ್ಞಾನ ವಿಭಾಗವೇ ಲೇಸು. ಅದರಿಂದ ಇನ್ನೊಂದು ಲಾಭವೂ ಉಂಟು: ಈ ವಿಷಯಗಳಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ಜೆ.ಇ.ಇ. ಮೇನ್ಸ್‌ ಬರೆದವನು ಭೂಸೇನೆಯ ತಾಂತ್ರಿಕ ಪ್ರವೇಶಕ್ಕೂ ನೌಕಾಸೇನೆಯ ಬಿ.ಟೆಕ್‌. ಪ್ರವೇಶಕ್ಕೂ ಅರ್ಜಿ ಹಾಕಬಹುದು. ಒಂದೇ ಓದಿಗೆ ಮೂರು ಫಲ. ಒಂಬತ್ತು ಹತ್ತನೆಯ ಇಯತ್ತೆಯ ಪುಸ್ತಕದ ಒಂದು ಲೆಕ್ಕವನ್ನೂ ಬಿಡದೆ ಬಿಡಿಸಿದವನಿಗೆ ಪಿ.ಯು.ಸಿ.ಯ ಗಣಿತವು ಭೂತವಾಗಿ ಕಾಣದು.

ಎರಡನೆಯ ಕೋಟೆ ಭಾಷೆ. ಪ್ರಶ್ನಪತ್ರಿಕೆಯು ಇಂಗ್ಲಿಷ ಮತ್ತು ಹಿಂದಿಗಳಲ್ಲಿ ಇರುವದು, ಕನ್ನಡದಲ್ಲಿಲ್ಲ. ಇದು ನಮ್ಮ ಮಕ್ಕಳ ಹಾದಿಯಲ್ಲಿಯ ದೊಡ್ಡ ಕಲ್ಲು. ಅದಿಲ್ಲವೆಂದು ಹೇಳಿ ಸಮಾಧಾನ ಮಾಡುವದರಲ್ಲಿ ಹುರುಳಿಲ್ಲ. ಆದರೆ ಕಲ್ಲನ್ನು ಸರಿಸಬಹುದು. ದಿನಕ್ಕೆ ಒಂದು ಪುಟ ಇಂಗ್ಲಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು. ತಿಳಿಯದ ಹತ್ತು ಶಬ್ದಗಳನ್ನು ವಹಿಯಲ್ಲಿ ಬರೆದು, ಮರುದಿನ ಅವುಗಳನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕು. ಓದಿದ ಸುದ್ದಿಯನ್ನು ಸಂಜೆ ಮನೆಯವರಿಗೆ ಕನ್ನಡದಲ್ಲಿ ತಿಳಿಸಿ ಹೇಳಬೇಕು. ಮೊದಲಿನದರಿಂದ ಭಾಷೆ ಬರುವದು, ಕೊನೆಯದರಿಂದ ವಿಷಯವು ತಲೆಯಲ್ಲಿ ನಿಲ್ಲುವದು. ಗಣಿತ ಮತ್ತು ವಿಜ್ಞಾನದ ಪರಿಭಾಷೆಯನ್ನು ಎರಡೂ ಭಾಷೆಗಳಲ್ಲಿ ಜೊತೆಜೊತೆಯಾಗಿ ಬರೆದಿಟ್ಟುಕೊಳ್ಳುವ ರೂಢಿಯನ್ನು ಒಂಬತ್ತನೆಯ ಇಯತ್ತೆಯಲ್ಲಿಯೇ ಹಚ್ಚಿಕೊಂಡರೆ, ಪಿ.ಯು.ಸಿ.ಗೆ ಹೋದಾಗ ಕಣ್ಣು ಕತ್ತಲೆಗೂಡುವದಿಲ್ಲ.

ಕಾಖಂಡಕಿಯ ಹುಡುಗನಿಗೆ ಇದಕ್ಕೊಂದು ಮೇಲ್ಪಂಕ್ತಿಯು ಮನೆಯಂಗಳದಲ್ಲಿಯೇ ಇದೆ. ಆ ಊರಿನ ಹೆಸರನ್ನು ನಾಡೆಲ್ಲ ಬಲ್ಲಂತೆ ಮಾಡಿದ ಮಹಿಪತಿದಾಸರು ಹದಿನೇಳನೆಯ ಶತಮಾನದಲ್ಲಿ ಆದಿಲಶಾಹಿ ದರಬಾರದ ಸೇವೆಯಲ್ಲಿದ್ದವರು. ಮುಂದೆ ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು ಅಧಿಕಾರವನ್ನು ತೊರೆದರು. ದರಬಾರದ ಭಾಷೆಯು ಅವರ ಮನೆಯ ಮಾತಲ್ಲ. ಆದರೂ ಕನ್ನಡದೊಡನೆ ಮರಾಠಿಯಲ್ಲಿಯೂ ಹಿಂದುಸ್ತಾನಿಯಲ್ಲಿಯೂ ಅವರು ಪದಗಳನ್ನು ರಚಿಸಿದರು. ಪರಭಾಷೆಯನ್ನು ಕಲಿತುದರಿಂದ ಅವರ ಕನ್ನಡವೇನೂ ಸವೆಯಲಿಲ್ಲ. ಅದೇ ಊರಲ್ಲಿ ಹುಟ್ಟಿ ಇಂಗ್ಲಿಷಿಗೆ ಅಂಜುವದೆಂದರೇನು?

ದೇಹದ ಸಿದ್ಧತೆ

ಖಡಕವಾಸಲೆಗೆ ಬರುವ ಮೊದಲೇ ಇಷ್ಟು ಅಭ್ಯಾಸವಿರಲೆಂದು ಸೂಚನಾಪತ್ರದಲ್ಲಿ ಹೇಳಿರುವದುಂಟು: ೨.೪ ಕಿಲೋಮೀಟರ ಓಟವನ್ನು ೧೫ ನಿಮಿಷಗಳಲ್ಲಿ ಮುಗಿಸುವದು, ದಂಡ ಮತ್ತು ಎದ್ದುಕೂಡ್ರುವ ವ್ಯಾಯಾಮ ತಲಾ ೨೦, ಅಡ್ಡಗಂಬಿ ಹಿಡಿದು ಗದ್ದವನ್ನು ಮೇಲೆತ್ತುವದು ೮ ಸಲ, ಮೂರು ನಾಲ್ಕು ಮೀಟರ ಹಗ್ಗ ಏರುವದು. ಹೊಲದಲ್ಲಿ ದುಡಿಯುವ, ಬಾವಿಯಲ್ಲಿ ಈಸುವ, ಗರಡಿಮನೆಯ ಮಣ್ಣನ್ನು ಕಂಡ ಹುಡುಗನಿಗೆ ಇದು ಅಸಾಧ್ಯವಲ್ಲ. ಆದರೆ ಒಮ್ಮೆಲೇ ಹತ್ತು ಕಿಲೋಮೀಟರ ಓಡಿ ಮೊಳಕಾಲು ನೋಯಿಸಿಕೊಳ್ಳುವದು ಜಾಣತನವಲ್ಲ. ಮೊದಲ ತಿಂಗಳು ನಡಿಗೆ ಮತ್ತು ಓಟ ಬೆರಸಿ ಒಂದೂವರೆ ಕಿಲೋಮೀಟರ. ಆಮೇಲೆ ಮೆಲ್ಲಮೆಲ್ಲನೆ ದೂರವನ್ನು ಹೆಚ್ಚಿಸುವದು. ದೂರವು ಸಾಧಿಸಿದ ಮೇಲೆ ವೇಗ. ಡಾಂಬರಿನ ರಸ್ತೆಗಿಂತ ಹೊಲದ ದಾರಿಯ ಮಣ್ಣು ಕಾಲಿಗೆ ಹಿತ. ವಾರದಲ್ಲಿ ಒಂದು ದಿನ ವಿಶ್ರಾಂತಿಯಿರಲಿ. ಜೋಳದ ರೊಟ್ಟಿ, ಬೇಳೆ, ಮೊಳಕೆಯ ಕಾಳು, ಹಸಿ ತರಕಾರಿ, ಮಜ್ಜಿಗೆ, ಶೇಂಗಾ ಇವಿಷ್ಟು ಸಾಕು. ಪಟ್ಟಣದ ಅಂಗಡಿಯ ಡಬ್ಬಿಗಳ ಪುಡಿಗೆ ಹಣ ಸುರಿಯುವದು ಬೇಡ.

ವೈದ್ಯಕೀಯ ಪರೀಕ್ಷೆಯ ಬಗ್ಗೆ ನಮ್ಮವರು ಬಹಳ ಉದಾಸೀನರು. ಎರಡು ಮೂರು ವರ್ಷ ಹಗಲಿರುಳು ಓದಿ, ಲಿಖಿತದಲ್ಲಿಯೂ ಸಂದರ್ಶನದಲ್ಲಿಯೂ ಗೆದ್ದು, ಕೊನೆಗೆ ವೈದ್ಯರ ಮುಂದೆ ಸೋಲುವದಕ್ಕಿಂತ ದುಃಖಕರವಾದದ್ದು ಇನ್ನಾವುದು? ಪುರುಷರಿಗೆ ಎತ್ತರವು ಸಾಮಾನ್ಯವಾಗಿ ೧೫೭ ಸೆಂಟಿಮೀಟರಿಗೆ ಕಡಿಮೆಯಿರಬಾರದು. ವಿಮಾನ ಹಾರಿಸುವವರಿಗೆ ಇನ್ನೂ ಹೆಚ್ಚು ಬೇಕು. ಕಣ್ಣಿನ ನೋಟ, ಬಣ್ಣಗಳನ್ನು ಗುರುತಿಸುವ ಶಕ್ತಿ, ಕಿವಿ, ಹಲ್ಲು, ಚಪ್ಪಟೆ ಪಾದ, ನಿಂತಾಗ ಒಂದನ್ನೊಂದು ತಾಗುವ ಮೊಳಕಾಲು, ಇವನ್ನೆಲ್ಲ ನೋಡುವರು. ಆದ್ದರಿಂದ ಒಂಬತ್ತನೆಯ ಇಯತ್ತೆಯಲ್ಲಿಯೇ ಒಮ್ಮೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಕಣ್ಣು, ಕಿವಿ, ಹಲ್ಲುಗಳನ್ನು ತೋರಿಸತಕ್ಕದ್ದು. ಕೆಲವು ದೋಷಗಳನ್ನು ಆಗಲೇ ತಿದ್ದಬಹುದು. ಬಣ್ಣಗುರುಡಿನಂಥ ತಿದ್ದಲಾಗದ ದೋಷವಿದ್ದರೂ ಮೊದಲೇ ತಿಳಿದರೆ ಹುಡುಗನು ತನ್ನ ಬಾಳಿನ ಗುರಿಯನ್ನು ಬೇರೆಡೆಗೆ ತಿರುಗಿಸಿಕೊಳ್ಳಲು ಕಾಲವಿರುವದು. ಜಾತ್ರೆಯಲ್ಲಿ ಗೆಳೆಯರೊಡನೆ ಹಚ್ಚೆ ಹಾಕಿಸಿಕೊಳ್ಳುವ ಚಟವೂ ತೊಡಕು ತರಬಹುದು. ಸೇನೆಯಲ್ಲಿ ಅದಕ್ಕೆ ಕಟ್ಟುನಿಟ್ಟಿನ ಮಿತಿಗಳಿವೆ. ಗುಟಕಾ ಮತ್ತು ತಂಬಾಕುಗಳ ಮಾತನ್ನಂತೂ ಹೇಳಲೇಬೇಕಾಗಿಲ್ಲ.

ಮನಸ್ಸಿನ ಸಿದ್ಧತೆ

ಲಿಖಿತ ಪರೀಕ್ಷೆಯಲ್ಲಿ ೯೦೦ ಅಂಕಗಳಾದರೆ ಆಯ್ಕೆಮಂಡಳಿಯ ಮುಂದೆಯೂ ಅಷ್ಟೇ ೯೦೦. ಅಲ್ಲಿ ಐದು ದಿನ ಇರಿಸಿಕೊಂಡು ಹುಡುಗನನ್ನು ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚಿದಂತೆ ಒರೆದು ನೋಡುವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ಪದ್ಧತಿಯಿದು. ನಮಗೆ ಹತ್ತಿರದ ಮಂಡಳಿಗಳೆಂದರೆ ಭೂಸೇನೆಯದು ಬೆಂಗಳೂರಿನಲ್ಲಿ, ವಾಯುಸೇನೆಯದು ಮೈಸೂರಿನಲ್ಲಿ.

ಮೊದಲ ದಿನ ಬುದ್ಧಿಶಕ್ತಿಯ ಪ್ರಶ್ನೆಗಳು. ಮಬ್ಬಾದ ಚಿತ್ರವೊಂದನ್ನು ತೋರಿಸಿ ಕಥೆ ಬರೆಯಿಸಿ, ಅದರ ಮೇಲೆ ಗುಂಪಿನಲ್ಲಿ ಚರ್ಚೆ. ಇಲ್ಲಿಯೇ ಬಹಳ ಜನ ಮನೆಗೆ ಮರಳುವರು. ಉಳಿದವರಿಗೆ ಮರುದಿನ ಮನಶ್ಶಾಸ್ತ್ರದ ಪರೀಕ್ಷೆಗಳು. ಹನ್ನೆರಡು ಕಥೆಗಳನ್ನು ಬರೆಯಿಸುವರು. ಒಂದೊಂದಕ್ಕೆ ನಾಲ್ಕು ನಿಮಿಷ. ಅರುವತ್ತು ಶಬ್ದಗಳನ್ನು ಒಂದೊಂದಾಗಿ ತೋರಿಸಿ, ಹದಿನೈದು ಸೆಕೆಂಡುಗಳಲ್ಲಿ ಮನಸ್ಸಿಗೆ ಹೊಳೆದ ವಾಕ್ಯವನ್ನು ಬರೆಯಿಸುವರು. ಅರುವತ್ತು ಸಂದರ್ಭಗಳನ್ನು ಕೊಟ್ಟು, ಅರ್ಧ ತಾಸಿನಲ್ಲಿ ‘ಇಂಥಲ್ಲಿ ನೀನೇನು ಮಾಡುವಿ?’ ಎಂದು ಕೇಳುವರು. ‘ನಿನ್ನ ತಾಯಿತಂದೆಗಳು ನಿನ್ನನ್ನು ಏನೆಂದು ತಿಳಿದಿದ್ದಾರೆ, ಗುರುಗಳೇನೆನ್ನುತ್ತಾರೆ, ನೀನೇ ಏನೆಂದುಕೊಂಡಿರುವಿ?’ ಎಂದೂ ಬರೆಯಿಸುವರು. ಇಷ್ಟು ವೇಗದಲ್ಲಿ ಕಂಠಪಾಠದ ಸುಳ್ಳು ನಡೆಯುವದಿಲ್ಲ. ಮನಸ್ಸಿನಲ್ಲಿದ್ದುದೇ ಕಾಗದದ ಮೇಲೆ ಬೀಳುವದು.

ಮುಂದಿನ ಎರಡು ದಿನ ಬಯಲಿನ ಪರೀಕ್ಷೆಗಳು. ಎಂಟು ಹತ್ತು ಜನರ ಗುಂಪಿಗೆ ಒಂದು ಹಲಗೆ, ಒಂದು ಬೊಂಬು, ಒಂದು ಹಗ್ಗ ಕೊಟ್ಟು, ನೆಲ ಮುಟ್ಟದೆ ಭಾರವನ್ನು ಆಚೆಗೆ ಸಾಗಿಸಿರೆನ್ನುವರು. ಯಾರು ಕೂಗಾಡುವರು, ಯಾರು ಸುಮ್ಮನೆ ನಿಲ್ಲುವರು, ಯಾರು ಇನ್ನೊಬ್ಬನ ಒಳ್ಳೆಯ ಯುಕ್ತಿಯನ್ನು ಒಪ್ಪಿ ಕೈಗೂಡಿಸುವರು ಎಂಬದನ್ನು ಅಧಿಕಾರಿಯು ಮರೆಯಲ್ಲಿ ನಿಂತವನಂತೆ ನೋಡುತ್ತಿರುವನು. ಪಾರಾಗಬೇಕಾದ ಹತ್ತು ಅಡಚಣೆಗಳಿಗೆ ಮೂರೇ ನಿಮಿಷ. ಮೂರು ನಿಮಿಷ ಭಾಷಣ ಮಾಡುವದೂ ಉಂಟು. ಈ ನಡುವೆ ಒಬ್ಬ ಹಿರಿಯ ಅಧಿಕಾರಿಯೊಡನೆ ದೀರ್ಘವಾದ ಸಂದರ್ಶನ. ಐದನೆಯ ದಿನ ಎಲ್ಲ ಪರೀಕ್ಷಕರೂ ಕೂಡಿ ತೀರ್ಪು ಹೇಳುವರು.

ಇದಕ್ಕೆ ಸಿದ್ಧತೆಯನ್ನು ಎಲ್ಲಿ ಮಾಡುವದು? ನನ್ನ ಉತ್ತರವು ಆ ಗೃಹಸ್ಥರಿಗೆ ಆಶ್ಚರ್ಯವನ್ನುಂಟುಮಾಡಿತು: ಮನೆಯಲ್ಲಿ, ಹೊಲದಲ್ಲಿ, ಸಾಲೆಯಲ್ಲಿ. ಮಗನ ಕೈಗೆ ಹೊಣೆಯನ್ನು ಕೊಡಿರಿ. ಸಂತೆಯ ಲೆಕ್ಕವನ್ನು ಅವನೇ ಬರೆಯಲಿ. ದ್ರಾಕ್ಷಿಯ ಸುಗ್ಗಿಯಲ್ಲಿ ಹತ್ತು ಆಳುಗಳ ಕೆಲಸ ಹಂಚುವದನ್ನು ಒಂದು ದಿನ ಅವನಿಗೆ ಬಿಡಿರಿ. ತಪ್ಪಿದರೆ ಎಲ್ಲರೆದುರು ಬಯ್ಯದೆ, ಏಕೆ ತಪ್ಪಿತೆಂದು ಕೇಳಿರಿ. ಅಜ್ಜನನ್ನು ದವಾಖಾನೆಗೆ ಕರೆದೊಯ್ದು, ಚೀಟಿ ಮಾಡಿಸಿ, ಔಷಧ ತಂದು ಕೊಡುವ ಕೆಲಸವನ್ನು ಅವನೊಬ್ಬನೇ ಮಾಡಲಿ. ಹೀಗೆ ನೂರು ನಿಜವಾದ ಸಂದರ್ಭಗಳನ್ನು ಕಂಡವನಿಗೆ ಅಲ್ಲಿಯ ಅರುವತ್ತು ಪ್ರಶ್ನೆಗಳು ಹೊಸವಲ್ಲ. ಮನೆಯಲ್ಲಿ ತಾಟನ್ನೂ ಎತ್ತದೆ, ಮಾರ್ಕಿನ ಪಟ್ಟಿಯೊಂದನ್ನೇ ಹೊತ್ತು ಹೋದ ಹುಡುಗನು ಎಷ್ಟು ಜಾಣನಿದ್ದರೂ ಆ ಬಯಲಿನಲ್ಲಿ ಪೆಚ್ಚಾಗುವನು.

ಸಾಲೆಯಲ್ಲಿ ಎನ್‌.ಸಿ.ಸಿ. ಇದ್ದರೆ ಸೇರಲಿ. ೧೯೪೮ರಲ್ಲಿ ಆರಂಭವಾದ ಈ ದಳವು ಹಾಯಸ್ಕೂಲಿನ ಮಕ್ಕಳಿಗೂ ತೆರೆದಿದೆ. ಇಲ್ಲದಿದ್ದರೆ ಕಬಡ್ಡಿಯ ತಂಡ ಕಟ್ಟಲಿ, ಗಣೇಶೋತ್ಸವದಲ್ಲಿ ಭಾಷಣ ಮಾಡಲಿ, ಊರ ವಾಚನಾಲಯದ ಪುಸ್ತಕಗಳಿಗೆ ಯಾದಿ ಬರೆಯಲಿ. ಮಾತನಾಡಲು ನಾಚುವ ಹುಡುಗನು ಮೊದಲು ಕನ್ನಡದಲ್ಲಿಯೇ ನಾಲ್ಕು ಜನರೆದುರು ನಿಂತು ಸ್ಪಷ್ಟವಾಗಿ ಮಾತಾಡಲು ಕಲಿಯಲಿ. ವಿಚಾರವು ಸ್ಪಷ್ಟವಾದರೆ ಇಂಗ್ಲಿಷ ಹಿಂದೆ ಬರುವದು. ಮಂಡಳಿಯಲ್ಲಿ ನೋಡುವದು ಉಚ್ಚಾರದ ಬೆಡಗನ್ನಲ್ಲ, ಹೇಳುವ ಮಾತಿನ ತಿರುಳನ್ನು.

ತಾಯಿತಂದೆಗಳಿಗೆ ಎರಡು ಮಾತು

ಹಣ ಕೊಟ್ಟರೆ ಆಯ್ಕೆ ಮಾಡಿಸುವೆನೆನ್ನುವವನು ಮೋಸಗಾರನೆಂದು ನಿಸ್ಸಂಶಯವಾಗಿ ತಿಳಿಯಿರಿ. ಆಯೋಗದ ಅರ್ಜಿಯ ಶುಲ್ಕವು ನೂರು ರೂಪಾಯಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ಅದೂ ಇಲ್ಲ. ಕಲಿಸುವ ಒಳ್ಳೆಯ ಸಂಸ್ಥೆಗಳಿಲ್ಲವೆಂದಲ್ಲ. ಆದರೆ ಹೊಲ ಒತ್ತೆಯಿಟ್ಟು ಕಲಿಯುವ ವಿದ್ಯೆಯಿದಲ್ಲ. ಸಾಲೆಯ ಗಣಿತದ ಮಾಸ್ತರರು, ಊರಿಗೆ ಮರಳಿದ ನಿವೃತ್ತ ಸೈನಿಕರು, ಹಿಂದಿನ ಪ್ರಶ್ನಪತ್ರಿಕೆಗಳು, ಈ ಮೂರು ಇದ್ದರೆ ಅರ್ಧ ಕೆಲಸವಾದಂತೆ. ನಿಯಮಗಳು ಆಗಾಗ ಬದಲಾಗುವವು. ಆದ್ದರಿಂದ ಆಯಾ ವರ್ಷದ ಸೂಚನಾಪತ್ರವನ್ನು ಮೊದಲಿನಿಂದ ಕೊನೆಯ ವರೆಗೆ ಓದಿಯೇ ಅರ್ಜಿ ತುಂಬಿರಿ. ಹುಟ್ಟಿದ ತಾರೀಖು, ಹೆಸರಿನ ಅಕ್ಷರಗಳು ಎಲ್ಲ ಕಾಗದಗಳಲ್ಲಿಯೂ ಒಂದೇ ಆಗಿರುವಂತೆ ಹತ್ತನೆಯ ಇಯತ್ತೆಗೆ ಮೊದಲೇ ನೋಡಿಕೊಳ್ಳಿರಿ. ಇದೊಂದು ಸಣ್ಣ ಮಾತು, ಆದರೆ ಇದರಿಂದಲೇ ಕೆಟ್ಟವರುಂಟು.

ಇನ್ನೊಂದು ಮಾತು ಕಠಿನವಾದದ್ದು. ಪ್ರತಿಸಲವೂ ಲಕ್ಷಾಂತರ ಜನ ಬರೆಯುವರು. ಸ್ಥಾನಗಳು ಸುಮಾರು ನಾನೂರು. ಚೆನ್ನಾಗಿ ಓದಿದವರಲ್ಲಿಯೂ ಬಹಳ ಜನ ಆಯ್ಕೆಯಾಗಲಾರರು. ಇದನ್ನು ಹುಡುಗನಿಗೆ ಮೊದಲೇ ಹೇಳಬೇಕು. ಹೇಳಿದರೆ ಉತ್ಸಾಹ ಕುಂದುವದೆಂದು ಅಂಜಬೇಡಿರಿ. ಸತ್ಯವನ್ನು ತಾಳಲಾರದ ಉತ್ಸಾಹವು ಸೇನೆಗೂ ಬೇಡ. ಆದರೆ ಈ ಸಿದ್ಧತೆಯಲ್ಲಿ ಕಲಿತ ಗಣಿತ, ಭಾಷೆ, ಆರೋಗ್ಯ, ಹೊಣೆಗಾರಿಕೆ ಇವುಗಳಲ್ಲಿ ಒಂದೂ ವ್ಯರ್ಥವಾಗುವದಿಲ್ಲ. ಇಂಥ ತರುಣನು ಇಂಜಿನಿಯರನಾದರೂ, ಪೋಲೀಸ ಅಧಿಕಾರಿಯಾದರೂ, ಹೊಲದಲ್ಲಿಯೇ ನಿಂತು ದ್ರಾಕ್ಷಿ ಬೆಳೆದರೂ ಊರಿಗೆ ಆಧಾರವಾಗುವನು. ಮೊದಲ ಸಲ ಸೋತವನು ಏಕೆ ಸೋತೆನೆಂದು ಬರೆದಿಟ್ಟು ಎರಡನೆಯ ಸಲ ಹೋಗಲಿ. ಖಡಕವಾಸಲೆ ತಪ್ಪಿದವನಿಗೆ ಪದವಿಯ ತರುವಾಯ ಮತ್ತೆ ದಾರಿಯಿದೆ.

ತಾಯಂದಿರ ಅಳಲು ಬೇರೆ. “ಇರೂದು ಒಬ್ಬ ಮಗಾ, ಅವನ್ನ ಗುಂಡಿಗೆ ಒಡ್ಡೂದ?” ಎಂದು ಕೇಳುವ ತಾಯಿಗೆ ತರ್ಕದಿಂದ ಉತ್ತರ ಹೇಳಲಾಗದು. ಅಪಾಯವಿಲ್ಲವೆಂದು ಹೇಳುವದು ಸುಳ್ಳಾಗುವದು. ಇಷ್ಟು ಮಾತ್ರ ಹೇಳಬಹುದು: ಆ ತುಕಡಿಯಲ್ಲಿರುವ ಮೂವತ್ತು ಜನರಿಗೂ ತಾಯಂದಿರಿದ್ದಾರೆ. ಅವರ ಮಕ್ಕಳು ಬದುಕಿ ಬರುವದು ಮುಂದೆ ನಡೆಯುವವನ ಬುದ್ಧಿ ಮತ್ತು ಎದೆಯ ಮೇಲಿದೆ. ಅಂಥ ಜಾಗದಲ್ಲಿ ಒಳ್ಳೆಯ ಮನೆಯ ಒಳ್ಳೆಯ ಮಗನಿರುವದು ಬೇಡವೇ?

ಆ ಸಂಜೆ ಮಾತೆಲ್ಲ ಮುಗಿದ ಮೇಲೆ ತಂದೆಯು ಮಗನ ಕಡೆಗೆ ತಿರುಗಿ, “ಕೇಳಿದ್ಯಾ? ರೊಕ್ಕದ್ದು ಬಿಡು, ಹೋತು. ನಿನ್ನ ಕೈಲಾದೀತೇನು?” ಎಂದರು. ಹುಡುಗನು ಹೊತ್ತಿನ ಮೇಲೆ ತಲೆಯೆತ್ತಿದನು. “ನಾಳಿಂದ ನಸಕಿನ್ಯಾಗ ಎದ್ದು ಓಡತೀನಿ, ಅಪ್ಪಾ. ಬಂದು ದನಕ್ಕ ನೀರೂ ಕುಡಸ್ತೀನಿ. ಸಂತಿ ಲೆಕ್ಕದ ವಹಿ ನನಗ ಕೊಡು” ಎಂದನು.

ಓಟದ ಮಾತನ್ನು ಎಲ್ಲ ಹುಡುಗರೂ ಆಡುವರು. ಲೆಕ್ಕದ ವಹಿಯನ್ನು ತಾನಾಗಿ ಕೇಳಿದ ಆ ಮಾತಿನಿಂದ ನನಗೆ ಭರವಸೆಯುಂಟಾಯಿತು.